ಆಟದ ನಡುವೆ ಬಂದ ಪ್ರಶ್ನೆ

(ಆಕಾಶವಾಣಿ ಭಾಷಣ)



ಹುಡುಗರು ಕಂಪ್ಯೂಟರಿನಲ್ಲಿ ಆಡುತ್ತಿದ್ದ ಆಟವೊಂದು ನಡುವೆಯೇ ಕುಸಿದು ಬಿತ್ತು ಎಂಬುದು ನಿಮ್ಮ ಹದಿನೈದು ನಿಮಿಷಗಳನ್ನು ಬೇಡುವಷ್ಟು ದೊಡ್ಡ ಸಂಗತಿಯೇ ಎಂದು ನೀವು ಕೇಳಬಹುದು. ನಾನೂ ಒಂದು ಕಾಲದಲ್ಲಿ ಹಾಗೆಯೇ ಎಣಿಸಿದ್ದೆ. ಅದನ್ನು ಸಣ್ಣ ಸಂಗತಿಯೆಂದು ಭಾವಿಸಿ ನಾನು ಕೊಟ್ಟ ಒಂದು ಸಲಹೆಯಿಂದ ಅರಕಲಗೂಡು ಸೀಮೆಯ ಹಿರಿಯರೊಬ್ಬರ ವರ್ಷದ ದುಡಿಮೆಯಲ್ಲಿ ಬಹುಭಾಗ ಮಣ್ಣುಪಾಲಾಯಿತು. ಆದಕಾರಣ ಈ ವಿಷಯದಲ್ಲಿ ಮಾತನಾಡಲು ನನಗೆ ಪಾಂಡಿತ್ಯದ ಅರ್ಹತೆ ಇಲ್ಲದಿದ್ದರೂ ತಪ್ಪಿತಸ್ಥನ ಅರ್ಹತೆಯಾದರೂ ಇದೆ.

ನಾನು ಹಾಸನದಲ್ಲಿ ಭೌತವಿಜ್ಞಾನ ಪಾಠ ಹೇಳಿಕೊಂಡಿದ್ದವನು. ನನ್ನ ಅಕ್ಕನ ಮಗ ಹೊಳೆನರಸೀಪುರದಲ್ಲಿ ಒಂದು ಅಂಗಡಿ ಇಟ್ಟಿದ್ದ. ಬೆಳಗಿನ ಹೊತ್ತು ಲಗ್ನಪತ್ರಿಕೆ, ಕರಪತ್ರ, ಅರ್ಜಿ ನಮೂನೆಗಳ ಡಿ.ಟಿ.ಪಿ. ಕೆಲಸ, ಜೊತೆಗೆ ಜೆರಾಕ್ಸ್. ಸಂಜೆ ಶಾಲೆ ಕಾಲೇಜು ಬಿಟ್ಟ ಮೇಲೆ ಹುಡುಗರಿಗೆ ಗಂಟೆಯ ಲೆಕ್ಕದಲ್ಲಿ ಕಂಪ್ಯೂಟರ್ ಆಟ. ಹೇಮಾವತಿಯ ದಂಡೆಯ ತಂಗಾಳಿಗೂ ಆ ಕೋಣೆಗೂ ಯಾವ ಸಂಬಂಧವೂ ಇರಲಿಲ್ಲ. ಐದು ಯಂತ್ರಗಳ ಕಾವು, ಹತ್ತು ಹುಡುಗರ ಬೆವರು, ಒಬ್ಬ ಆಡಿದರೆ ಇಬ್ಬರು ಹಿಂದೆ ನಿಂತು ಹೇಳಿಕೊಡುವ ಗಲಾಟೆ. 2008ರ ದಸರೆಯ ಹೊತ್ತಿಗೆ ಅವನು ಸಾಲ ಮಾಡಿ ಹೊಸದೊಂದು ಯಂತ್ರವನ್ನು ತಂದ. ಅದರಲ್ಲಿ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇತ್ತು. ಹಗಲು ಅದರಲ್ಲೇ ಪುಸ್ತಕದ ಪುಟ ಕಟ್ಟುವುದು, ಸಂಜೆ ಅದರಲ್ಲೇ ಆಟ. ಈ ಎರಡನ್ನೂ ಒಂದೇ ಯಂತ್ರದಲ್ಲಿ ಇರಿಸಿದ್ದೇ ಮುಂದಿನ ಕಥೆಗೆಲ್ಲ ಮೂಲ.

ಹೊಸ ಯಂತ್ರ ಬಂದ ವಾರದಿಂದಲೇ ದೂರು ಹುಟ್ಟಿತು. ಹುಡುಗ ಆಟ ತೆರೆಯುತ್ತಾನೆ. ಪರದೆ ತುಂಬ ಯುದ್ಧಭೂಮಿ ಹರಡಿಕೊಳ್ಳುತ್ತದೆ. ಇದ್ದಕ್ಕಿದ್ದಂತೆ ಬೆಳಕು ಮಂಕಾಗಿ ನಡುವೆ ಒಂದು ಪುಟ್ಟ ಪೆಟ್ಟಿಗೆ ಮೂಡಿ, ಇಂಗ್ಲಿಷಿನಲ್ಲಿ ಏನನ್ನೋ ಕೇಳುತ್ತದೆ. ಹುಡುಗ ಅವಸರದಲ್ಲಿ ಒಪ್ಪಿಗೆಯ ಗುಂಡಿ ಒತ್ತುತ್ತಾನೆ. ಪೆಟ್ಟಿಗೆ ಹೋಗುತ್ತದೆ, ಆದರೆ ಯುದ್ಧಭೂಮಿ ಹಿಂದಿರುಗುವುದಿಲ್ಲ. ಒಮ್ಮೆ ಪರದೆಯೆಲ್ಲ ಕಪ್ಪು. ಇನ್ನೊಮ್ಮೆ ಆಟವೇ ಮಾಯವಾಗಿ, ಡೆಸ್ಕ್‌ಟಾಪಿನ ಮೇಲೆ ನನ್ನ ಸೋದರಳಿಯ ಹಾಕಿಕೊಂಡಿದ್ದ ಗೋಮಟೇಶ್ವರನ ಚಿತ್ರ ಶಾಂತವಾಗಿ ನಿಂತಿರುತ್ತದೆ. "ಅಣ್ಣಾ, ಬಿದ್ದೋಯ್ತು! ಹತ್ತು ನಿಮಿಷ ಜಾಸ್ತಿ ಕೊಡಣ್ಣಾ" ಎಂಬ ಕೂಗು ಆ ಅಂಗಡಿಯ ನಿತ್ಯದ ಸಂಧ್ಯಾವಂದನೆಯಾಯಿತು.

ಆ ಪೆಟ್ಟಿಗೆ ಎಲ್ಲಿಂದ ಬಂತು, ಏಕೆ ಬಂತು ಎಂಬುದನ್ನು ಸ್ವಲ್ಪ ಹಿಂದಕ್ಕೆ ಹೋಗಿ ನೋಡಬೇಕು. ಮನೆಬಳಕೆಯ ಕಂಪ್ಯೂಟರುಗಳಲ್ಲಿ ಬಹುಕಾಲ ಕಾವಲೆಂಬುದೇ ಹೆಸರಿಗೆ ಮಾತ್ರ ಇತ್ತು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ ಎಂಬ ಆಪರೇಟಿಂಗ್ ಸಿಸ್ಟಮಿನಲ್ಲಿ ಜನ ಸಾಮಾನ್ಯವಾಗಿ ಅಡ್ಮಿನಿಸ್ಟ್ರೇಟರ್ ಆಗಿಯೇ ಕೆಲಸಕ್ಕೆ ಕೂರುತ್ತಿದ್ದರು. ಅಂದರೆ ಬೀಗದಕೈ ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ ಯಜಮಾನನ ಹಾಗೆ. ಅವರು ತೆರೆದ ಪ್ರತಿಯೊಂದು ಪ್ರೋಗ್ರಾಮಿನ ಕೈಗೂ ಅದೇ ಗೊಂಚಲು ಹೋಗುತ್ತಿತ್ತು. ಕಾಗದ ಬರೆಯುವ ಪ್ರೋಗ್ರಾಮಿಗೂ, ಇಸ್ಪೀಟಿನ ಆಟಕ್ಕೂ, ಯಾರೋ ಕಳುಹಿಸಿದ ಕೇಡಿಗ ಕಡತಕ್ಕೂ ಒಂದೇ ಸಮನಾದ ಅಧಿಕಾರ. 2003ರ ಆಗಸ್ಟಿನಲ್ಲಿ ಬ್ಲಾಸ್ಟರ್ ಎಂಬ ಹುಳುವೂ ಮರುವರ್ಷ ಸ್ಯಾಸರ್ ಎಂಬುದೂ ಜಗತ್ತಿನ ಯಂತ್ರಗಳನ್ನು ಜಾಲದ ಮೂಲಕವೇ ಹೊಕ್ಕು ಕಾಡಿದವು. 2004ರ ಆಗಸ್ಟಿನಲ್ಲಿ ಎಕ್ಸ್‌ಪಿಗೆ ಬಂದ ಎರಡನೆಯ ಸರ್ವೀಸ್ ಪ್ಯಾಕ್, ಫೈರ್‌ವಾಲ್ ಎಂಬ ತಡೆಗೋಡೆಯನ್ನು ತಾನಾಗಿಯೇ ಎಬ್ಬಿಸಿ ನಿಲ್ಲಿಸಿತು. ಆಗಲೇ ಆಟಗಾರರಿಗೆ ಮೊದಲ ತೊಡಕು. ನಾಲ್ಕು ಹುಡುಗರು ನಾಲ್ಕು ಯಂತ್ರಗಳನ್ನು ತಂತಿಯಿಂದ ಜೋಡಿಸಿ ಆಡಲು ಕುಳಿತರೆ, ಆಟ ನಡೆಸಿಕೊಡುವ ಯಂತ್ರದಲ್ಲಿ ಗೋಡೆಯ ಕಾವಲುಗಾರ "ಹೊರಗಿನವರನ್ನು ಬಿಡಲೇ?" ಎಂದು ಕೇಳುತ್ತಿದ್ದ. ಆ ಪ್ರಶ್ನೆ ಎಷ್ಟೋ ಸಲ ಪರದೆ ತುಂಬಿದ ಆಟದ ಹಿಂದೆ ಅಡಗಿಕೊಂಡಿರುತ್ತಿತ್ತು. ಕೇಳಿದವನು ಕಾಣುವುದಿಲ್ಲ, ಕೇಳಿಸಿಕೊಳ್ಳಬೇಕಾದವನು ಯಂತ್ರ ಹ್ಯಾಂಗ್ ಆಯಿತೆಂದು ಅದರ ತಲೆಗೆ ಬಡಿಯುತ್ತಾನೆ.

2007ರ ಜನವರಿಯಲ್ಲಿ ಸಾಮಾನ್ಯ ಜನರ ಕೈಗೆ ಬಂದ ವಿಂಡೋಸ್ ವಿಸ್ತಾ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಯಜಮಾನನೇ ಕುಳಿತಿದ್ದರೂ ಅವನ ಸೊಂಟದ ಗೊಂಚಲನ್ನು ಬಿಚ್ಚಿ ಬದಿಗಿಟ್ಟಿತು. ಯಾವುದಾದರೂ ಪ್ರೋಗ್ರಾಮು ಯಂತ್ರದ ಒಳಮನೆಗೆ ಕೈಹಾಕಬೇಕಾದರೆ ಮಾತ್ರ "ಕೊಡಲೇ?" ಎಂದು ಕೇಳಿ ಕೊಡುವುದು. ಇದಕ್ಕೆ ಯೂಸರ್ ಅಕೌಂಟ್ ಕಂಟ್ರೋಲ್ ಎಂದು ಹೆಸರು. ಕೇಳುವ ರೀತಿಯೂ ವಿಚಿತ್ರವಾದದ್ದು. ಪ್ರಶ್ನೆ ನಮ್ಮ ಡೆಸ್ಕ್‌ಟಾಪಿನ ಮೇಲೆ ಮೂಡುವುದಿಲ್ಲ. ನಮ್ಮ ಡೆಸ್ಕ್‌ಟಾಪಿನ ಛಾಯೆಯೊಂದನ್ನು ಮಂಕಾಗಿ ಹಿಂದೆ ತೂಗಿಬಿಟ್ಟು, ಬೇರೆಯೇ ಒಂದು ಡೆಸ್ಕ್‌ಟಾಪನ್ನು ಮುಂದೆ ತಂದು, ಅಲ್ಲಿ ಕೇಳುತ್ತದೆ. ಬೇರೆ ಪ್ರೋಗ್ರಾಮುಗಳಿಗೆ ಅಲ್ಲಿ ಪ್ರವೇಶವಿಲ್ಲ. ಇದಕ್ಕೆ ಕಾರಣವಿದೆ. ಅದೇ ಡೆಸ್ಕ್‌ಟಾಪಿನಲ್ಲಿ ಕೇಳಿದರೆ ಒಳಗೆ ಕುಳಿತ ಕಳ್ಳ ಪ್ರೋಗ್ರಾಮು ಯಜಮಾನನ ದನಿಯಲ್ಲಿ ತಾನೇ "ಹೂಂ" ಎಂದುಬಿಡಬಹುದು; ಸುಳ್ಳು ಬಾಣದ ಗುರುತೊಂದನ್ನು ಬರೆದು ತೋರಿಸಿ, "ಬೇಡ" ಎಂದು ಒತ್ತಹೋದವನಿಂದ "ಆಗಲಿ" ಎಂದು ಒತ್ತಿಸಬಹುದು.

ಇದರಿಂದ ಆಟ ಏಕೆ ಬೀಳಬೇಕು? ನಮ್ಮ ಕಡೆಯ ಹಳ್ಳಿಗಳಲ್ಲಿ ಹಬ್ಬಕ್ಕೆ ಕುರುಕ್ಷೇತ್ರ ನಾಟಕ ಆಡುವುದನ್ನು ನೀವು ನೋಡಿದ್ದೀರಿ. ಬಾಡಿಗೆಯ ಸೀನರಿ, ಹಾರ್ಮೋನಿಯಂ ಮೇಷ್ಟರು, ಬೆಳಗಿನವರೆಗೆ ಹಾಡು. ದುರ್ಯೋಧನ ಸಿಂಹಾಸನದಿಂದ ಎದ್ದು, ಗದೆ ಹೆಗಲಿಗೇರಿಸಿ, ಕಂದಪದ್ಯ ಎತ್ತಿದ್ದಾನೆ. ಆಗ ಸಟ್ಟನೆ ದೀಪ ತಗ್ಗಿಸಿ, ಇನ್ನೊಂದು ಪರದೆ ಇಳಿಬಿಟ್ಟು, ಅದರ ಮುಂದೆ ಒಬ್ಬ ಅಧಿಕಾರಿ ಬಂದು ಊರ ಯಜಮಾನರನ್ನು ಕೇಳುತ್ತಾನೆ: "ಈತನ ಸೇವಕನೊಬ್ಬ ಉಗ್ರಾಣದ ಬಾಗಿಲು ತೆಗೆಯಬೇಕೆನ್ನುತ್ತಿದ್ದಾನೆ, ಅಪ್ಪಣೆಯೇ?" ಯಜಮಾನರು ಹೂಂ ಎನ್ನುತ್ತಾರೆ. ಅಧಿಕಾರಿ ಹೋಗುತ್ತಾನೆ, ಪರದೆ ಏಳುತ್ತದೆ. ಆದರೆ ಈ ಗಡಿಬಿಡಿಯಲ್ಲಿ ರಂಗದ ಮೇಲಿನ ಸಾಮಾನುಗಳನ್ನೆಲ್ಲ ಸರಿಸಿಬಿಟ್ಟಿರುತ್ತಾರೆ. ಪಳಗಿದ ನಟನಾದರೆ ಒಮ್ಮೆ ಸುತ್ತ ನೋಡಿ, ಸಿಂಹಾಸನ ತರಿಸಿ, ಮೇಷ್ಟರಿಂದ ಮತ್ತೆ ಶ್ರುತಿ ಹಿಡಿಸಿಕೊಂಡು ಪದ್ಯ ಮುಂದುವರಿಸುತ್ತಾನೆ. ಹಸಿ ನಟ ಹಿಂದೆ ತಿರುಗಿಯೂ ನೋಡದೆ, ಇದ್ದ ಜಾಗದಲ್ಲೇ ಸಿಂಹಾಸನ ಇದೆಯೆಂದು ಕೂರಲು ಹೋಗುತ್ತಾನೆ.

ಆ ಕಾಲದ ಆಟಗಳಲ್ಲಿ ಬಹಳಷ್ಟು ಹೀಗೆಯೇ ಕೂರಲು ಹೋಗಿ ಬಿದ್ದಂಥವು. ಪೂರ್ಣ ಪರದೆಯ ಆಟ ಚಿತ್ರ ಬರೆಯುವ ಕಾರ್ಡನ್ನು ತನ್ನೊಬ್ಬನದೇ ಎಂಬಂತೆ ಹಿಡಿದಿರುತ್ತದೆ. ಬೇರೆ ಡೆಸ್ಕ್‌ಟಾಪ್ ಮುಂದೆ ಬಂದ ಕ್ಷಣ ಆ ಹಿಡಿತ ತಪ್ಪುತ್ತದೆ. ಕಾರ್ಡಿನ ನೆನಪಿನಲ್ಲಿ ಅದು ಜೋಡಿಸಿಟ್ಟಿದ್ದ ಗೋಡೆ, ಮರ, ಮುಖಗಳ ಚಿತ್ರಗಳಲ್ಲಿ ಬಹುಪಾಲು ಅಳಿದುಹೋಗುತ್ತವೆ. ಅಂದಿನ ಆಟಗಳು ಬಳಸುತ್ತಿದ್ದ ಡೈರೆಕ್ಟ್ ತ್ರೀಡಿ ಒಂಬತ್ತು ಎಂಬ ಚಿತ್ರವ್ಯವಸ್ಥೆಯ ನಿಯಮ ಇದನ್ನು ಸ್ಪಷ್ಟವಾಗಿಯೇ ಹೇಳಿತ್ತು: ಹಿಡಿತ ತಪ್ಪಿತೇ ಎಂದು ಪದೇ ಪದೇ ನೋಡಿಕೊಳ್ಳಬೇಕು, ತಪ್ಪಿದ್ದರೆ ಎಲ್ಲವನ್ನೂ ಬಿಟ್ಟು ಹೊಸದಾಗಿ ಜೋಡಿಸಿಕೊಳ್ಳಬೇಕು. ನಿಯಮ ಓದಿ ಬರೆದವರ ಆಟ ಉಳಿಯಿತು. ಪ್ರಶ್ನೆ ಬರುವುದಕ್ಕೂ ಎಷ್ಟೋ ಸಲ ಆಟವೇ ಕಾರಣ. ಪರದೆಯನ್ನು ಪೂರ್ತಿ ಹಿಡಿದಾದ ಮೇಲೆ, ಹೊಸ ಆವೃತ್ತಿ ಹುಡುಕುವುದಕ್ಕೋ ಮೋಸದಾಟ ತಡೆಯುವುದಕ್ಕೋ ಇರುವ ತನ್ನ ಸೇವಕ ಪ್ರೋಗ್ರಾಮನ್ನು ಅದು ಕರೆಯುತ್ತಿತ್ತು. ಸೇವಕ ಒಳಮನೆಯ ಬೀಗದಕೈ ಬೇಡುತ್ತಿದ್ದ.

ಇನ್ನೂ ಒಂದು ಕೆಟ್ಟ ಅಭ್ಯಾಸವಿತ್ತು. ಆಡಿ ಉಳಿಸಿದ ಆಟದ ಲೆಕ್ಕವನ್ನು ಆಟಗಳು ತಾವು ಇಳಿದುಕೊಂಡ ಪ್ರೋಗ್ರಾಮ್ ಫೈಲ್ಸ್ ಎಂಬ ಕೋಣೆಯಲ್ಲೇ ಬರೆದಿಡುತ್ತಿದ್ದವು. ನೆಂಟ ಬಂದವನು ದೇವರಮನೆಯ ಗೋಡೆಗೆ ಮೊಳೆ ಹೊಡೆದು ಅಂಗಿ ತಗುಲಿಹಾಕಿದ ಹಾಗೆ. ವಿಸ್ತಾ ಅದನ್ನು ಬೈಯದೆ, ಅಂಗಿಯನ್ನು ಸದ್ದಿಲ್ಲದೆ ಬೇರೊಂದು ಗೂಟಕ್ಕೆ, ವರ್ಚುವಲ್ ಸ್ಟೋರ್ ಎಂಬಲ್ಲಿಗೆ, ವರ್ಗಾಯಿಸುತ್ತಿತ್ತು. ಮರುದಿನ ಅದೇ ಆಟವನ್ನು ಅಡ್ಮಿನಿಸ್ಟ್ರೇಟರಾಗಿ ತೆರೆದರೆ ಅದು ಹಳೆಯ ಮೊಳೆಯಲ್ಲೇ ಹುಡುಕುತ್ತಿತ್ತು. ನಿನ್ನೆ ಗೆದ್ದ ಕೋಟೆ ಇಂದು ಇಲ್ಲ! ಹುಡುಗರು ಒಬ್ಬರನ್ನೊಬ್ಬರು ಕಳ್ಳರೆಂದು ಕರೆದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

2008ರ ಏಪ್ರಿಲಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸೇರಿದ್ದ ಆರ್.ಎಸ್.ಎ. ಸಮ್ಮೇಳನದಲ್ಲಿ ಮೈಕ್ರೋಸಾಫ್ಟಿನ ಡೇವಿಡ್ ಕ್ರಾಸ್ ಎಂಬವರು ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡರು. ಬಳಕೆದಾರರಿಗೆ ಕಿರಿಕಿರಿಯಾಗಲೆಂದೇ ಈ ಪ್ರಶ್ನೆಯನ್ನು ಇಟ್ಟದ್ದು. ಅವರ ಗೊಣಗಾಟ ತಾಳಲಾರದೆ ಪ್ರೋಗ್ರಾಮು ಬರೆಯುವವರು ಹಳೆಯ ಚಾಳಿ ಬಿಡಲಿ ಎಂಬುದು ಉದ್ದೇಶ. ಉದ್ದೇಶ ಒಳ್ಳೆಯದೇ, ಕಾಲಕ್ರಮದಲ್ಲಿ ಫಲವನ್ನೂ ಕೊಟ್ಟಿತು. ಆದರೆ ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತೆಂಬ ಗಾದೆ ಅಮೆರಿಕದಲ್ಲಿ ಇಲ್ಲವೆಂದು ತೋರುತ್ತದೆ. ಅವರ ಜಗಳದ ಗೊಣಗಾಟ ಹುಟ್ಟಬೇಕಾದದ್ದು ಹೊಳೆನರಸೀಪುರದ ಅಂಗಡಿಯಲ್ಲಿ. ಅದಕ್ಕೆ ಹತ್ತು ನಿಮಿಷ ಪುಕ್ಕಟೆ ಕೊಡಬೇಕಾದವನು ನನ್ನ ಸೋದರಳಿಯ. ಜಯ ವಿಜಯರ ಕಥೆ ನಿಮಗೆ ಗೊತ್ತು. ವೈಕುಂಠದ ಬಾಗಿಲಲ್ಲಿ ಸನಕಾದಿಗಳನ್ನು ತಡೆದು ಶಾಪ ತಿಂದರು. ಅವರು ಮಾಡಿದ್ದು ಕಾವಲುಗಾರನ ಕೆಲಸವನ್ನೇ. ತಡೆಯಬಾರದವರನ್ನು ತಡೆದಾಗ ಜನಕ್ಕೆ ಸಿಟ್ಟು ಬರುವುದು ಕಾವಲಿನ ಮೇಲೆಯೇ.

ನನಗೂ ಬಂದದ್ದು ಅದೇ ಸಿಟ್ಟು. ಸಂಕ್ರಾಂತಿಗೆ ಹೋದಾಗ ಅವನು ಅಲವತ್ತುಕೊಂಡ: "ಮಾವ, ಇದಕ್ಕೆ ಏನಾದ್ರೂ ದಾರಿ ಹೇಳಿ. ಹುಡುಗ್ರು ಪಕ್ಕದ ಬೀದಿ ಅಂಗಡಿಗೆ ಹೋಗ್ತಾವ್ರೆ." ನಾನು ಮೇಷ್ಟರಲ್ಲವೇ, ಗೊತ್ತಿಲ್ಲವೆನ್ನಲು ನಾಲಗೆ ಏಳಲಿಲ್ಲ. ಎರಡು ದಿನ ಓದಿ ನೋಡಿ, ಕಂಟ್ರೋಲ್ ಪ್ಯಾನೆಲ್ ತೆರೆದು, ಒಂದು ಚೌಕದಲ್ಲಿದ್ದ ಸರಿಗುರುತನ್ನು ತೆಗೆಸಿದೆ. ಯಂತ್ರವನ್ನು ಒಮ್ಮೆ ಆರಿಸಿ ಹೊತ್ತಿಸಿದ್ದಾಯಿತು. ಆ ಮೇಲೆ ಒಂದು ಪ್ರಶ್ನೆಯೂ ಬರಲಿಲ್ಲ, ಒಂದು ಆಟವೂ ಬೀಳಲಿಲ್ಲ. ಆಟವನ್ನು ಪೂರ್ಣ ಪರದೆಯ ಬದಲು ಚೌಕಟ್ಟಿನೊಳಗೆ ಆಡಿಸಬಹುದಿತ್ತು. ಹಳೆಯ ಯಂತ್ರವೊಂದಕ್ಕೆ ಕಾರ್ಡು ಹಾಕಿಸಿ ಅದನ್ನೇ ಆಟಕ್ಕೆ ಬಿಡಬಹುದಿತ್ತು. ಇವೆಲ್ಲ ಆಮೇಲೆ ಹೊಳೆದ ಬುದ್ಧಿ. ಅಂದು ಅಕ್ಕ ನನ್ನ ಜಾಣತನಕ್ಕೆ ಮೆಚ್ಚಿ ಎಳ್ಳುಬೆಲ್ಲವನ್ನು ಎರಡು ಹಿಡಿ ಕೊಟ್ಟಳು.

ಆ ಯಂತ್ರದಲ್ಲಿ ಹಗಲು ನಡೆಯುತ್ತಿದ್ದ ಕೆಲಸದ ಮಾತು ಹೇಳಬೇಕು. ಅರಕಲಗೂಡು ತಾಲ್ಲೂಕಿನಲ್ಲಿ ಪ್ರಾಥಮಿಕ ಶಾಲೆಯ ಉಪಾಧ್ಯಾಯರಾಗಿ ನಿವೃತ್ತರಾದವರೊಬ್ಬರು ಮೂವತ್ತು ವರ್ಷ ಹಳ್ಳಿ ಹಳ್ಳಿ ತಿರುಗಿ ಹೆಂಗಸರ ಬಾಯಿಂದ ಸೋಬಾನೆ ಪದ, ಬೀಸುವ ಪದ, ನಾಟಿಯ ಪದಗಳನ್ನು ಬರೆದುಕೊಂಡಿದ್ದರು. ಹನ್ನೊಂದು ನೋಟ್‌ಬುಕ್ಕುಗಳು. ಅವುಗಳನ್ನು ಪುಸ್ತಕ ಮಾಡಬೇಕೆಂದು 2008ರ ಯುಗಾದಿಯಿಂದ ಪ್ರತಿ ಮಂಗಳವಾರ ಬಸ್ಸಿನಲ್ಲಿ ಹೊಳೆನರಸೀಪುರಕ್ಕೆ ಬಂದು, ನನ್ನ ಸೋದರಳಿಯನ ಪಕ್ಕದಲ್ಲಿ ಮರದ ಸ್ಟೂಲಿನ ಮೇಲೆ ಕೂರುತ್ತಿದ್ದರು. ನೋಟ್‌ಬುಕ್ಕಿನಲ್ಲಿ ಇದ್ದದ್ದಕ್ಕಿಂತ ಅವರ ತಲೆಯಲ್ಲಿ ಇದ್ದದ್ದೇ ಹೆಚ್ಚು. ಪದವೊಂದು ಪರದೆಯ ಮೇಲೆ ಮೂಡುತ್ತಿದ್ದಂತೆ, "ಇರಪ್ಪ, ಕೊಣನೂರಿನ ಕಡೆ ಹೀಗಂತಾರೆ, ದೊಡ್ಡಮಗ್ಗೆ ಕಡೆ ಈ ಸಾಲು ಇಲ್ಲ, ಬೇರೆ ಐತೆ" ಎಂದು ಪಾಠಾಂತರಗಳನ್ನು ಹೇಳಿ ಬರೆಸುತ್ತಿದ್ದರು. ಯಾರಿಂದ ಕೇಳಿದ್ದು, ಆಕೆ ಯಾವ ಊರಿಂದ ಮದುವೆಯಾಗಿ ಬಂದವಳು, ಯಾವ ಕೆಲಸದ ಹೊತ್ತಿನಲ್ಲಿ ಹಾಡುವುದು, ಯಾವ ಪದವನ್ನು ಮನೆಯೊಳಗೆ ಹಾಡಬಾರದು, ಎಲ್ಲವೂ ನೇರ ಯಂತ್ರಕ್ಕೇ ಹೋಗುತ್ತಿತ್ತು. ಕಾಗದದ ಮೇಲೆ ಅದು ಎಲ್ಲೂ ಇರಲಿಲ್ಲ. ದೀಪಾವಳಿಯ ಹೊತ್ತಿಗೆ ನಾಲ್ಕು ನೋಟ್‌ಬುಕ್ಕು ಮುಗಿದಾಗ ಒಂದು ಸಿ.ಡಿ. ಬರೆಸಿ ಅವರ ಕೈಗೆ ಕೊಟ್ಟಿದ್ದರು. ಅದಾದ ಮೇಲೆ ಯಾರಿಗೂ ಅದು ನೆನಪಾಗಲಿಲ್ಲ.

2009ರ ಮೇ ತಿಂಗಳು, ಮದುವೆಗಳ ಸುಗ್ಗಿ. ಚನ್ನರಾಯಪಟ್ಟಣದಿಂದ ಒಬ್ಬರು ಲಗ್ನಪತ್ರಿಕೆಯನ್ನು ಪೆನ್‌ಡ್ರೈವಿನಲ್ಲಿ ತಂದರು. ತೆರೆದರೆ ಒಳಗೆ ಹಳದಿ ಬಣ್ಣದ ಒಂದು ಫೋಲ್ಡರು. ಅದು ಫೋಲ್ಡರಾಗಿರಲಿಲ್ಲ; ಫೋಲ್ಡರಿನ ಚಿತ್ರ ಹೊತ್ತ ಪ್ರೋಗ್ರಾಮು. ಆ ದಿನಗಳಲ್ಲಿ ಇಂಥವು ಪೆನ್‌ಡ್ರೈವಿನಿಂದ ಪೆನ್‌ಡ್ರೈವಿಗೆ ನೆಗಡಿಯಂತೆ ಹರಡುತ್ತಿದ್ದವು. ಅವನು ಎರಡು ಸಲ ಒತ್ತಿದ. ಪರದೆ ಮಂಕಾಗಲಿಲ್ಲ. ಯಾರೂ ಏನೂ ಕೇಳಲಿಲ್ಲ. ಬೀಗದಕೈ ಗೊಂಚಲು ಸೊಂಟದಲ್ಲೇ ಇತ್ತು.

ನಾಲ್ಕನೆಯ ದಿನ ಯಂತ್ರ ಏಳಲಿಲ್ಲ. ಹಾಸನದ ಒಂದು ರಿಪೇರಿ ಅಂಗಡಿಗೆ ಕಳುಹಿಸಿದ. ಉಪಗ್ರಹಗಳಿಗೆ ಆಜ್ಞೆ ಕಳುಹಿಸುವ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ 1982ರಿಂದ ಇರುವ ಊರು ನಮ್ಮದು. ರಿಪೇರಿಯವರ ಮೇಲೆ ಜನಕ್ಕೆ ಭರವಸೆ ಸಹಜ. ಅಂಗಡಿಯಲ್ಲಿ ಗಿರಾಕಿಗಳು ಕಿಕ್ಕಿರಿದಿದ್ದಾಗ ಫೋನು ಬಂತು: "ಸಿಸ್ಟಮ್ ಪೂರ್ತಿ ಹೋಗಿದೆ ಸಾರ್, ಫಾರ್ಮ್ಯಾಟ್ ಮಾಡ್ಲಾ?" ಇವನು ಒಂದು ಕೈಯಲ್ಲಿ ಜೆರಾಕ್ಸ್ ಹಾಳೆ ಹಿಡಿದುಕೊಂಡೇ "ಹೂಂ, ಮಾಡಿ" ಎಂದ.

ಪ್ರಶ್ನೆಯೇನೋ ಕೇಳಿತ್ತು. ಕಾವಲನ್ನು ಆರಿಸದೆ ಇದ್ದಿದ್ದರೆ ಆ ಹಳದಿ ಫೋಲ್ಡರಿನ ಮುಂದೆ ಅವನು "ಬೇಡ" ಎಂದು ಒತ್ತುತ್ತಿದ್ದನೇ? ನಾನು ಪ್ರಮಾಣ ಮಾಡಲಾರೆ. ಆರು ತಿಂಗಳು ದಿನಕ್ಕೆ ಹತ್ತು ಸಲ "ಹೂಂ" ಎಂದ ಬೆರಳಿಗೆ ಹನ್ನೊಂದನೆಯ ಸಲ ನಿಂತು ಯೋಚಿಸುವ ಅಭ್ಯಾಸ ಉಳಿದಿರುತ್ತದೆಯೆ? 1975ರಲ್ಲಿಯೇ ಜೆರೋಮ್ ಸಾಲ್ಟ್‌ಜರ್ ಮತ್ತು ಮೈಕೆಲ್ ಶ್ರೋಡರ್ ಎಂಬಿಬ್ಬರು ಕಂಪ್ಯೂಟರಿನಲ್ಲಿ ಮಾಹಿತಿಯನ್ನು ಕಾಯುವ ಬಗೆಯನ್ನು ಕುರಿತು ಒಂದು ಪ್ರಬಂಧ ಬರೆದರು. ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ ಕೊಡಬೇಕು ಎಂಬ ತತ್ತ್ವ ಅದರಲ್ಲಿದೆ. ಅದರ ಜೊತೆಗೇ, ಕಾವಲಿನ ವ್ಯವಸ್ಥೆ ಬಳಸುವವನ ಮನಸ್ಸಿಗೆ ಒಗ್ಗುವಂತಿರಬೇಕು ಎಂಬ ಇನ್ನೊಂದು ತತ್ತ್ವವೂ ಇದೆ. ಮೊದಲನೆಯದನ್ನು ಜಗತ್ತು ಮೂವತ್ತು ವರ್ಷ ತಡವಾಗಿ ಮನೆಯ ಕಂಪ್ಯೂಟರಿಗೆ ತಂದಿತು; ತರುವಾಗ ಎರಡನೆಯದನ್ನು ದಾರಿಯಲ್ಲಿ ಬೀಳಿಸಿಕೊಂಡು ಬಂದಿತೆಂದು ನನ್ನ ಅಭಿಪ್ರಾಯ. 2009ರ ಅಕ್ಟೋಬರಿನಲ್ಲಿ ಬಂದ ವಿಂಡೋಸ್ ಸೆವೆನ್ ಪ್ರಶ್ನೆಗಳನ್ನು ಕಡಿಮೆ ಮಾಡಿ, ಎಷ್ಟು ಕೇಳಬೇಕೆಂಬುದಕ್ಕೆ ನಾಲ್ಕು ಮೆಟ್ಟಿಲುಗಳನ್ನು ಇಟ್ಟಿತು. ಅವುಗಳಲ್ಲಿ ಒಂದು, ಪರದೆ ಮಂಕಾಗಿಸದೆ ಕೇಳುವುದು. ನಮ್ಮ ಪಾಲಿಗೆ ಅದು ಐದು ತಿಂಗಳು ತಡ. ಆಟ ಬರೆಯುವವರೂ ಕಲಿತರು. ಉಳಿಸಿದ ಲೆಕ್ಕವನ್ನು ಬಳಕೆದಾರನ ಸ್ವಂತ ಕೋಣೆಯಲ್ಲಿಡುವುದು ರೂಢಿಯಾಯಿತು. ಪರದೆಯನ್ನು ಒಬ್ಬನೇ ಹಿಡಿದು ಕೂರುವ ಪದ್ಧತಿಯೂ ಮೆಲ್ಲಗೆ ಸಡಿಲವಾಯಿತು. ಇಂದಿನ ಹುಡುಗರಿಗೆ ಆ ಬೀಳಾಟದ ಪರಿಚಯ ಅಷ್ಟಾಗಿ ಇಲ್ಲ.

ಆದರೆ ಪ್ರಶ್ನೆ ಮಾತ್ರ ಈಗ ಎಲ್ಲರ ಜೇಬಿಗೆ ಬಂದು ಕೂತಿದೆ. ಫೋನು ನಮ್ಮ ಕ್ಯಾಮೆರಾ ಕೇಳುತ್ತದೆ, ವಿಳಾಸದ ಪಟ್ಟಿ ಕೇಳುತ್ತದೆ, ಸಂದೇಶಗಳನ್ನು ಓದಲೇ ಎಂದು ಕೇಳುತ್ತದೆ. 2024ರಲ್ಲಿ ವಾಟ್ಸ್ಆ್ಯಪಿನ ಮೂಲಕ ಲಗ್ನಪತ್ರಿಕೆಯ ವೇಷದಲ್ಲಿ ಎ.ಪಿ.ಕೆ. ಕಡತಗಳು ಬರುತ್ತಿವೆಯೆಂದು ದೇಶದ ಹಲವೆಡೆ ಪೊಲೀಸರು ಎಚ್ಚರಿಸಿದರು. ತೆರೆಯಹೋದರೆ ಫೋನು ಪಾಪ ಕೇಳುತ್ತದೆ, ಗುರುತಿಲ್ಲದ ಕಡೆಯಿಂದ ಬಂದದ್ದು, ಒಳಗೆ ಬಿಡಲೇ ಎಂದು. ಮದುವೆ ಯಾರದೆಂಬ ಕುತೂಹಲದಲ್ಲಿ ಜನ ಹೂಂ ಎನ್ನುತ್ತಾರೆ. ಪತ್ರಿಕೆಯಲ್ಲಿ ಆ ಸುದ್ದಿ ಓದಿದ ದಿನ ನನಗೆ ಚನ್ನರಾಯಪಟ್ಟಣದ ಪೆನ್‌ಡ್ರೈವು ಕಣ್ಣಿಗೆ ಕಟ್ಟಿತು.

ಫಾರ್ಮ್ಯಾಟಾದ ಮಾರನೆಯ ಮಂಗಳವಾರ ನಾನೂ ಹಾಸನದಿಂದ ಹೋಗಿದ್ದೆ. ಹೇಳುವುದಕ್ಕೆ ಒಬ್ಬನಿಗೇ ಧೈರ್ಯ ಸಾಲದೆಂದು ಸೋದರಳಿಯ ಕರೆಸಿಕೊಂಡಿದ್ದ. ಮೇಷ್ಟರು ಚೀಲದಿಂದ ಹನ್ನೊಂದನೆಯ ನೋಟ್‌ಬುಕ್ಕು ತೆಗೆಯುತ್ತಿದ್ದಾಗ ಅವನು ತಲೆತಗ್ಗಿಸಿ ಎಲ್ಲವನ್ನೂ ಹೇಳಿದ. ಹುಡುಗರ ಆಟ ಬೀಳುತ್ತಿದ್ದುದು, ಪೆಟ್ಟಿಗೆ ಬಂದು ಕೇಳುತ್ತಿದ್ದುದು, ನಾವು ಅದನ್ನು ನಿಲ್ಲಿಸಿದ್ದು. ನಿಲ್ಲಿಸಿದವನು ನಾನೆಂದು ನಾನೇ ಹೇಳಿದೆ. ಅವರು ಬಹಳ ಹೊತ್ತು ಮಾತನಾಡಲಿಲ್ಲ. ಆ ಪದಗಳನ್ನು ಹೇಳಿದವರಲ್ಲಿ ಎಷ್ಟು ಜನ ಇನ್ನೂ ಇದ್ದಾರೆಂದು ಬೆರಳು ಮಡಿಸಿ ಎಣಿಸಿದರು. ಎರಡನೆಯ ಕೈಗೆ ಎಣಿಕೆ ಹೋಗಲಿಲ್ಲ. ಆಮೇಲೆ ಕೋಪವಿಲ್ಲದ, ಬರಿಯ ತಿಳಿಯುವ ಆಸೆಯ ದನಿಯಲ್ಲಿ ಕೇಳಿದರು: "ಅಲ್ಲ ಸ್ವಾಮಿ, ಆ ಪೆಟ್ಟಿಗೆ ದಿನಾ ಬಂದು ನಿಮ್ಮನ್ನ ಏನು ಕೇಳ್ತಿತ್ತು?"

ನಾನು ಸೋದರಳಿಯನ ಮುಖ ನೋಡಿದೆ. ಅವನು ನನ್ನ ಮುಖ ನೋಡಿದ. ನೂರಾರು ಸಲ ಅದರ ಮುಂದೆ ಗುಂಡಿ ಒತ್ತಿದ್ದೆವು. ಒಂದು ವಾಕ್ಯವೂ ಇಬ್ಬರ ಬಾಯಿಗೂ ಬರಲಿಲ್ಲ.

ಅವರು ಹನ್ನೊಂದನೆಯದನ್ನು ಚೀಲದೊಳಗಿಟ್ಟು, ಐದನೆಯ ನೋಟ್‌ಬುಕ್ಕು ತೆಗೆದು, ಕನ್ನಡಕ ಏರಿಸಿ, "ಬರ್ಕೊಳಪ್ಪ" ಎಂದರು. ಪುಸ್ತಕ 2011ರಲ್ಲಿ ಅಚ್ಚಾಯಿತು. ಮೊದ ಮೊದಲ ಪದಗಳ ಕೆಳಗೆ ಪಾಠಾಂತರಗಳು, ಹಾಡಿದವರ ಊರು ಕೇರಿಗಳು ಒತ್ತೊತ್ತಾಗಿ ತುಂಬಿವೆ. ನಡುವಿನಿಂದಾಚೆಗೆ ಪುಟದ ಕೆಳಭಾಗ ಬಹುಮಟ್ಟಿಗೆ ಖಾಲಿ.